ಗೂಢಪುರುಷನ ಕಥೆಯಲ್ಲಿಯ ರಸ

ನಮ್ಮ ಸಂಘದ ಕಳೆದ ತಿಂಗಳ ವಾಚನಗೋಷ್ಠಿಯಲ್ಲಿ ತರುಣ ಸದಸ್ಯರೊಬ್ಬರು, ೧೯೬೮ನೆಯ ಇಸವಿಯಲ್ಲಿ ಹೊರಬಿದ್ದ ‘ಜೇಡರ ಬಲೆ’ ಎಂಬ ಕನ್ನಡ ಚಿತ್ರಪಟವನ್ನು ಕುರಿತು ನಾಲ್ಕು ಮಾತುಗಳನ್ನಾಡಿದರು. ಅವರ ಮಾತು ಮುಗಿಯುವುದೇ ತಡ, ಸಭೆಯಲ್ಲಿ ಎರಡು ಪಕ್ಷಗಳು ಉಂಟಾದವು. ಬಂದೂಕು ಬಡಿದಾಟಗಳ ಇಂಥ ಹಗುರು ವಿಷಯಕ್ಕೆ ಸಾಹಿತ್ಯಸಭೆಯಲ್ಲಿ ಎಡೆಯಿರಕೂಡದೆಂದು ಕೆಲವರು ಹೇಳಿದರು. ಉಳಿದವರು, ಅದು ಇಂಗ್ಲಿಷ್ ಚಿತ್ರಗಳ ಅನುಕರಣವೆಂಬುದನ್ನು ತಾವಾಗಿಯೇ ಒಪ್ಪಿಕೊಂಡು, ಆದರೂ ಬಾಲ್ಯದ ನೆನಪಿನ ಸಲುವಾಗಿ ತಮಗೆ ಪ್ರಿಯವೆಂದರು. ಒಂದು ಪಕ್ಷವು ನೋಡದೆಯೇ ತಳ್ಳಿತು. ಇನ್ನೊಂದು ಪಕ್ಷವು ವಿಚಾರಿಸದೆಯೇ ಅಪ್ಪಿತು. ಇವೆರಡೂ ವಿಮರ್ಶೆಯ ಮಾರ್ಗಗಳಲ್ಲ. ಐವತ್ತು ವರ್ಷಗಳಿಗೂ ಮೇಲ್ಪಟ್ಟು ಜನರ ಮನಸ್ಸನ್ನು ಹಿಡಿದಿರುವ ವಸ್ತುವಿನಲ್ಲಿ ಅಂಥ ಶಕ್ತಿ ಯಾವುದು, ಮತ್ತು ಅದರಲ್ಲಿ ಕೊರತೆಯಾದುದು ಯಾವುದು ಎಂಬುದನ್ನು ಶೋಧಿಸುವುದೇ ವಿಮರ್ಶಕನ ಕೆಲಸವು. ಅಂಥದೊಂದು ಅಲ್ಪಪ್ರಯತ್ನವನ್ನು ವಾಚಕರ ಮುಂದೆ ಇಡುತ್ತಿರುವೆನು.

ಮೊದಲು ವಸ್ತುವಿನ ಪರಿಚಯ. ದೊರೈ-ಭಗವಾನ್ ಎಂಬ ಜೋಡಿ ಹೆಸರಿನಿಂದ ಮುಂದೆ ಪ್ರಸಿದ್ಧರಾದ ಇಬ್ಬರು ನಿರ್ದೇಶಕರು ಇದನ್ನು ತೆಗೆದರು. ಸಂಗೀತವು ಜಿ. ಕೆ. ವೆಂಕಟೇಶರದು. ನಾಯಕಿಯು ಜಯಂತಿಯವರು. ಪ್ರಕಾಶನೆಂಬ ಗುಪ್ತ ಪೋಲೀಸ ಅಧಿಕಾರಿಯ, ಎಂದರೆ ಸಿ.ಐ.ಡಿ. ೯೯೯ನ, ಪಾತ್ರವನ್ನು ವಹಿಸಿದವರು ಶ್ರೀ ರಾಜಕುಮಾರರು. ಲೋಹವನ್ನು ಬಂಗಾರವನ್ನಾಗಿ ಮಾಡುವ ಒಂದು ವೈಜ್ಞಾನಿಕ ಸೂತ್ರವು, ಅದರ ಮೇಲೆ ಕಣ್ಣಿಟ್ಟ ದುಷ್ಟಕೂಟವು, ಅವರ ಬಲೆಯನ್ನು ಹೊಕ್ಕು ಹರಿದು ಹೊರಬರುವ ಗೂಢಪುರುಷನು, ಇಷ್ಟೇ ಕಥೆಯ ಹುರುಳು. ವರ್ಣಚಿತ್ರವೂ ಅಲ್ಲ, ಕಪ್ಪು-ಬಿಳುಪಿನದು. ಇದರ ಬೆನ್ನಿಗೇ ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’, ೧೯೬೯ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’, ಮತ್ತು ಬಹಳ ತಡವಾಗಿ ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಎಂಬ ಮೂರು ಚಿತ್ರಗಳು ಬಂದವು.

ಅನುಕರಣದ ಆಕ್ಷೇಪವನ್ನು ಮೊದಲು ತೆಗೆದುಕೊಳ್ಳೋಣ. ಇಯಾನ್ ಫ್ಲೆಮಿಂಗ್ ಎಂಬ ಆಂಗ್ಲ ಲೇಖಕನು ೧೯೫೩ರಲ್ಲಿ ಜೇಮ್ಸ್ ಬಾಂಡನನ್ನು ಸೃಷ್ಟಿಸಿದನು; ೧೯೬೨ರಲ್ಲಿ ಆ ನಾಯಕನು ‘ಡಾಕ್ಟರ್ ನೋ’ ಎಂಬ ಚಿತ್ರದ ಮೂಲಕ ತೆರೆಯ ಮೇಲೆ ಬಂದನು. ೧೯೬೬ರಲ್ಲಿ ತೆಲುಗಿನಲ್ಲಿ ‘ಗೂಢಚಾರಿ ೧೧೬’, ೧೯೬೭ರಲ್ಲಿ ಹಿಂದಿಯಲ್ಲಿ ‘ಫರ್ಜ್’ ಬಂದವು. ‘ಜೇಡರ ಬಲೆ’ಯು ಅದೇ ಅಲೆಯ ಮೇಲೆ ತೇಲಿ ಬಂದುದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆ ೦೦೭ ಎಂಬ ಅಂಕೆಯ ನೆರಳೇ ಈ ೯೯೯. ಆದರೆ ನೆರಳು ಬಿದ್ದ ನೆಲ ಯಾವುದೆಂಬುದನ್ನೂ ನೋಡಬೇಕಷ್ಟೆ. ಕೌಟಿಲ್ಯನ ಅರ್ಥಶಾಸ್ತ್ರವು ಗೂಢಪುರುಷರನ್ನು ಒಂಬತ್ತು ಬಗೆಯಾಗಿ ಎಣಿಸಿರುವುದು: ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ ಎಂಬ ಐವರು ಒಂದೆಡೆ ನೆಲೆಸಿದವರು; ಸತ್ರಿ, ತೀಕ್ಷ್ಣ, ರಸದ, ಭಿಕ್ಷುಕಿ ಎಂಬ ನಾಲ್ವರು ಸಂಚರಿಸುವವರು. ಈ ಗ್ರಂಥದ ಓಲೆಪ್ರತಿಯನ್ನು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿ ಜಗತ್ತಿಗೆ ಕೊಟ್ಟವರು ನಮ್ಮ ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಅದಕ್ಕೂ ಮೊದಲು, ೧೮೨೩ರಲ್ಲಿಯೇ, ಕೆಂಪುನಾರಾಯಣನು ಚಾಣಕ್ಯನ ಕಥೆಯನ್ನು ‘ಮುದ್ರಾಮಂಜೂಷ’ವೆಂಬ ಹೆಸರಿನಿಂದ ಕನ್ನಡ ಗದ್ಯದಲ್ಲಿ ಬರೆದಿದ್ದನು. ಗೂಢಚರನ ಕಥೆಯು ಕನ್ನಡಿಗರಿಗೆ ಲಂಡನ್ನಿನ ಹಡಗಿನಲ್ಲಿ ಬಂದ ಸರಕಲ್ಲ.

ಇಷ್ಟೇ ಅಲ್ಲ. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದ ಮೊದಲನೆಯ ಅಂಕವನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ಅಲ್ಲಿ ಚಾಣಕ್ಯನ ಚಾರನಾದ ನಿಪುಣಕನು ಯಮಪಟವನ್ನು, ಎಂದರೆ ಯಮಲೋಕದ ಚಿತ್ರಗಳನ್ನು ಬರೆದ ಅರಿವೆಯನ್ನು, ಹೊತ್ತುಕೊಂಡು ಮನೆಮನೆಗೆ ಹೋಗಿ, ಚಿತ್ರಗಳನ್ನು ತೋರಿಸಿ ಹಾಡುತ್ತ ಬೇಹು ನಡೆಸುವನು. ಹೀಗೆಯೇ ಅವನಿಗೆ ಚಂದನದಾಸನ ಮನೆಯ ಹೊಸ್ತಿಲಲ್ಲಿ ರಾಕ್ಷಸಾಮಾತ್ಯನ ಮುದ್ರೆಯುಂಗುರವು ದೊರೆಯುವುದು. ಮುಂದಿನ ಕಥೆಯೆಲ್ಲವೂ ಆ ಉಂಗುರದ ಸುತ್ತಲೇ ತಿರುಗುವುದು. ಚಿತ್ರಪಟವೂ ಗೂಢಪುರುಷನೂ ಒಂದೇ ಬಾಗಿಲಿನಿಂದ ಒಳಹೊಕ್ಕುದು ನಮ್ಮಲ್ಲಿ ಅಷ್ಟು ಹಳೆಯ ಸಂಗತಿ!

ಆದರೆ ವಂಶಾವಳಿಯನ್ನು ಹೇಳಿದ ಮಾತ್ರಕ್ಕೆ ಗುಣವು ಸಿದ್ಧವಾಗಲಿಲ್ಲ. ಈ ಕಥೆಯ ರಸವು ಎಲ್ಲಿರುವುದು? ಕುತೂಹಲದಲ್ಲಿ, ಮುಂದೇನಾಗುವುದೋ ಎಂಬ ತವಕದಲ್ಲಿ, ಎಂದು ಸಾಮಾನ್ಯವಾಗಿ ಉತ್ತರ ಕೊಡುವರು. ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಕುತೂಹಲವು ಒಮ್ಮೆ ತಣಿದರೆ ಮುಗಿಯಿತು. ಬಿಡಿಸಿದ ಒಗಟನ್ನು ಯಾರೂ ಮತ್ತೆ ಕೇಳುವುದಿಲ್ಲ. ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಅದು ಹೊರಬಿದ್ದ ಐದಾರು ವರ್ಷಗಳ ಮೇಲೆ, ಹುಬ್ಬಳ್ಳಿಯಲ್ಲಿ ಅದು ಮರಳಿ ಬಂದಾಗ. ಪಾಠಶಾಲೆಯ ವಿದ್ಯಾರ್ಥಿಗಳಾದ ನಮಗೆ ಚಿತ್ರಮಂದಿರವು ನಿಷಿದ್ಧವಾಗಿತ್ತು; ದುರ್ಗದ ಬೈಲಿಗೆ ಕಾಯಿಪಲ್ಯಕ್ಕೆಂದು ಹೊರಟು ದಾರಿ ತಪ್ಪಿದೆವು. ನನ್ನ ಸುತ್ತಲೂ ಕುಳಿತವರಲ್ಲಿ ಬಹುಜನರು ಅದನ್ನು ಮೊದಲೇ ನೋಡಿದವರು. ವೈರಿಯು ಮರೆಯಲ್ಲಿ ಹೊಂಚಿದಾಗಲೆಲ್ಲ ಅವರು ತೆರೆಯ ಕಡೆಗೆ ಕೈಮಾಡಿ, “ಹಿಂದ ನೋಡ್ರೀ ಅಣ್ಣಾ!” ಎಂದು ಕೂಗುತ್ತಿದ್ದರು. ಅಣ್ಣನು ಪಾರಾಗುವನೆಂಬುದು ಅವರಿಗೆ ಗೊತ್ತಿತ್ತು, ಆದರೂ ಕೂಗುತ್ತಿದ್ದರು. ತಿಳಿಯುವ ಹಂಬಲವಲ್ಲ ಅದು. ತಮಗೆ ತಿಳಿದುದನ್ನು ಅವನಿಗೆ ಮುಟ್ಟಿಸುವ ಹಂಬಲವು. ಕ್ಷಣಮಾತ್ರ ಪ್ರೇಕ್ಷಕನೇ ಚಾರನಾಗುವನು. ಆದ ಕಾರಣ, ರಸದ ನೆಲೆಯನ್ನು ಎರಡನೆಯ ನೋಟದಲ್ಲಿಯೂ ಉಳಿಯುವಂಥದರಲ್ಲಿ ಹುಡುಕಬೇಕು.

ಕಾಲದ ಕಾರಣಗಳನ್ನು ಹೇಳುವವರೂ ಇದ್ದಾರೆ, ಅವು ಸುಳ್ಳಲ್ಲ. ೧೯೬೨ರ ಚೀನಾ ಯುದ್ಧದ ತರುವಾಯ, ೧೯೬೩ರ ಜನವರಿಯಲ್ಲಿ ಬಂದ ಬಂಗಾರ ನಿಯಂತ್ರಣದ ನಿಯಮಗಳು ೧೪ ಕ್ಯಾರೆಟ್ಟಿಗಿಂತ ಮೇಲಾದ ಒಡವೆಗಳನ್ನು ಮಾಡಕೂಡದೆಂದು ಕಟ್ಟುಮಾಡಿದವು. ದೇಶದ ತುಂಬ ಪತ್ತಾರರ ಕುಲುಮೆಗಳು ಆರಿದವು. ಆ ಮಿತಿಯು ಮುಂದೆ ಸಡಿಲವಾದರೂ, ಬಂಗಾರ ನಿಯಂತ್ರಣದ ಕಾಯದೆಯು ಪೂರ್ಣರೂಪದಲ್ಲಿ ಬಂದುದು ೧೯೬೮ರಲ್ಲಿಯೇ, ಎಂದರೆ ‘ಜೇಡರ ಬಲೆ’ ಬಂದ ವರ್ಷವೇ. ಮಗಳ ಮದುವೆಗೆ ಒಂದು ತೊಲೆ ಬಂಗಾರಕ್ಕಾಗಿ ಪರದಾಡುವ ಗೃಹಸ್ಥನಿಗೆ, ಲೋಹವು ಬಂಗಾರವಾಗುವ ಕಥೆಯು ಬರಿಯ ಕಥೆಯಾಗಿರಲಿಲ್ಲ. ಇನ್ನು ಗೋವೆಯೋ, ನಮಗೆ ನೆರೆಯ ಸೀಮೆ. ೧೯೬೧ರ ಡಿಸೆಂಬರ ತಿಂಗಳಲ್ಲಿ ಅದು ಪೋರ್ತುಗೀಜರಿಂದ ಬಿಡುಗಡೆಯಾಗುವ ವರೆಗೆ ಪರರಾಜ್ಯವೇ ಆಗಿತ್ತು. ಹುಬ್ಬಳ್ಳಿಯಿಂದ ಲೋಂಡೆಯ ಮೇಲೆ ಹಾಯ್ದು ಹೋಗುವ ರೇಲ್ವೆಯ ಕ್ಯಾಸಲ್‌ರಾಕ್ ನಿಲ್ದಾಣವು ಎರಡು ರಾಜ್ಯಗಳ ಗಡಿಯ ಠಾಣೆಯಾಗಿತ್ತು. ಕಳ್ಳಸಾಗಣೆಯೆಂಬ ಶಬ್ದದ ಅರ್ಥವನ್ನು ನಮ್ಮ ಕಡೆಯ ಜನರು ಕೋಶವನ್ನು ನೋಡಿ ತಿಳಿಯಬೇಕಾಗಿರಲಿಲ್ಲ. ಹೀಗೆ ಕಥೆಯ ವಸ್ತುವು ಮನೆಯಂಗಳದ್ದೇ ಆಗಿತ್ತು. ಆದರೆ ಆ ಬಂಗಾರದ ಕಾಯದೆಯು ೧೯೯೦ರಲ್ಲಿ ರದ್ದಾಯಿತು. ಗೋವೆಗೆ ಈಗ ಯಾರೂ ಅಂಜಿ ಹೋಗುವುದಿಲ್ಲ. ಚಿತ್ರವನ್ನು ಮಾತ್ರ ಇಂದಿಗೂ ನೋಡುವವರಿದ್ದಾರೆ. ಕಾರಣವು ಅಳಿದ ಮೇಲೂ ಕಾರ್ಯವು ಉಳಿದಿದ್ದರೆ, ಮೂಲಕಾರಣವು ಬೇರೆಯೇ ಇರಬೇಕು.

ಆ ಮೂಲಕಾರಣದ ಸುಳುಹು ಭಾರವಿಯ ‘ಕಿರಾತಾರ್ಜುನೀಯ’ದ ಮೊದಲನೆಯ ಸರ್ಗದಲ್ಲಿ ದೊರೆಯುವುದು. ದ್ವೈತವನದಲ್ಲಿದ್ದ ಧರ್ಮರಾಜನು ದುರ್ಯೋಧನನ ರಾಜ್ಯಭಾರವನ್ನು ಅರಿತು ಬರಲು ಬೇಡನೊಬ್ಬನನ್ನು ಕಳುಹಿಸಿದ್ದನು. ಅವನು ಬ್ರಹ್ಮಚಾರಿಯ ವೇಷದಿಂದ ಎಲ್ಲರನ್ನೂ ವಂಚಿಸಿ, ಎಲ್ಲವನ್ನೂ ತಿಳಿದುಕೊಂಡು ಮರಳಿ ಬಂದನು. ಬಂದು ಏನು ಹೇಳಿದನು? ಶತ್ರುವು ಕೆಟ್ಟನೆಂಬ ಸಿಹಿಸುದ್ದಿಯನ್ನಲ್ಲ; ಶತ್ರುವು ಪ್ರಜೆಗಳನ್ನು ಚೆನ್ನಾಗಿ ಆಳುತ್ತಿರುವನೆಂಬ ಕಹಿಯಾದ ನಿಜವನ್ನು. ಅದನ್ನು ಹೇಳುವಾಗ ಅವನ ಮನಸ್ಸು ಅಳುಕಲಿಲ್ಲ. ಲೋಕಕ್ಕೆಲ್ಲ ಸುಳ್ಳಾಡಿದವನು ಒಡೆಯನೊಬ್ಬನಿಗೆ ಸುಳ್ಳಾಡಲಿಲ್ಲ. ಗೂಢಪುರುಷನ ಧರ್ಮವೇ ಇದು.

ಈಗ ಚಿತ್ರಮಂದಿರದ ಕತ್ತಲೆಗೆ ಮರಳೋಣ. ತೆರೆಯ ಮೇಲೆ ಗೂಢಪುರುಷನು ವೇಷ ಬದಲಿಸುವನು, ಹೆಸರು ಬದಲಿಸುವನು. ವೈರಿಗಳ ಪಂಕ್ತಿಯಲ್ಲಿಯೇ ಕುಳಿತು ನಗುವನು. ಅಲ್ಲಿರುವ ಯಾರೂ ಅವನನ್ನು ಅರಿಯರು. ನಾವು ಮಾತ್ರ ಅರಿತಿರುವೆವು. ಅವನು ಕಂಡುದೆಲ್ಲವೂ ನಮಗೆ ಕಾಣುವುದು; ಅವನ ಗುಟ್ಟು ನಮ್ಮ ಗುಟ್ಟಾಗುವುದು. ಎಂದರೆ ಭಾರವಿಯ ಕಾವ್ಯದಲ್ಲಿ ಧರ್ಮರಾಜನು ಕುಳಿತ ಆಸನದ ಮೇಲೆ, ನಾಲ್ಕಾಣೆ ಎಂಟಾಣೆಯ ತಿಕೀಟು ಕೊಂಡು ಬಂದ ಪ್ರೇಕ್ಷಕನನ್ನು ಈ ಕಥೆಯು ಕುಳ್ಳಿರಿಸುವುದು. ಹಗಲೆಲ್ಲ ದುಡಿದು ದಣಿದು, ಅಂಗಡಿಕಾರನಿಂದ ತೂಕದಲ್ಲಿ, ಸಾಹುಕಾರನಿಂದ ಲೆಕ್ಕದಲ್ಲಿ ಮೋಸಹೋಗಿ ಬಂದ ಮನುಷ್ಯನಿಗೆ, ಲೋಕವನ್ನೆಲ್ಲ ವಂಚಿಸಬಲ್ಲವನೊಬ್ಬನು ತನ್ನನ್ನು ವಂಚಿಸನೆಂಬ ಭರವಸೆಯು ಎಷ್ಟು ದೊಡ್ಡದು! ಈ ಭರವಸೆಯು ಎರಡನೆಯ ನೋಟದಲ್ಲಿ ಕುಂದುವುದಿಲ್ಲ. ಹತ್ತನೆಯ ನೋಟದಲ್ಲಿ ಹೆಚ್ಚುವುದು. ನಿಪುಣಕನ ಉಂಗುರದ ಕಥೆಯನ್ನು ನಾವು ಮತ್ತೆ ಮತ್ತೆ ಓದುವುದೂ ಇದೇ ಕಾರಣದಿಂದ.

ಆದರೆ ಇಲ್ಲಿ ಶಾಸ್ತ್ರದ ತೊಡಕೊಂದು ಉಂಟು. ಧನಂಜಯನು ‘ದಶರೂಪಕ’ದಲ್ಲಿ ನಾಯಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವನು. ಮಾಯೆ, ಕಪಟ, ದರ್ಪ, ಆತ್ಮಸ್ತುತಿ ಇವು ಧೀರೋದ್ಧತನ ಲಕ್ಷಣಗಳು. ಗಾಂಭೀರ್ಯ, ಕ್ಷಮೆ, ಸ್ಥೈರ್ಯ, ತನ್ನನ್ನು ತಾನು ಹೊಗಳಿಕೊಳ್ಳದಿರುವುದು, ಒಳಗೇ ಅಡಗಿಸಿದ ಅಹಂಕಾರ ಇವು ಧೀರೋದಾತ್ತನ ಲಕ್ಷಣಗಳು. ಗೂಢಚರನ ಕೆಲಸವು ಮೊದಲಿನಿಂದ ಕೊನೆಯ ವರೆಗೆ ಕಪಟದ ಕೆಲಸವು. ಹೀಗಿರಲು ಅವನು ಉದಾತ್ತನಾಗುವುದು ಹೇಗೆ? ಫ್ಲೆಮಿಂಗನ ನಾಯಕನಿಗೆ ಈ ತೊಡಕಿಲ್ಲ. ಅವನು ಉದ್ಧತನು, ಬಿಡುವಿನ ವೇಳೆಯಲ್ಲಿ ಲಲಿತನು, ಕೊಲ್ಲಲು ಸರಕಾರದ ಅಪ್ಪಣೆಯನ್ನು ಮೊದಲೇ ಪಡೆದಿರುವವನು. ಅವನನ್ನು ನೋಡಿ ಬೆರಗಾಗುವರಲ್ಲದೆ ಯಾರೂ ಅಣ್ಣನೆಂದು ಕೂಗುವುದಿಲ್ಲ.

ಕನ್ನಡದ ಚಿತ್ರವು ಈ ತೊಡಕನ್ನು ಬಿಡಿಸಿದುದು ಕಥೆಯಿಂದಲ್ಲ, ನಟನಿಂದ. ೧೯೫೪ರಲ್ಲಿ ಬೇಡರ ಕಣ್ಣಪ್ಪನಾಗಿ ತೆರೆಗೆ ಬಂದವರು, ಕನಕದಾಸರಾಗಿ, ಮಂತ್ರಾಲಯದ ರಾಯರಾಗಿ ಜನರಿಂದ ಕೈಮುಗಿಸಿಕೊಂಡವರು ರಾಜಕುಮಾರರು. ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು: ೧೯೬೫ರಲ್ಲಿ ಅವರು ಸತ್ಯಹರಿಶ್ಚಂದ್ರನಾಗಿದ್ದರು. ರಾಜ್ಯ ಹೋದರೂ, ಹೆಂಡತಿ ಮಕ್ಕಳು ಹೋದರೂ ಒಂದು ಸುಳ್ಳನ್ನಾಡದ ಮನುಷ್ಯನ ಮುಖವಾಗಿ ಕನ್ನಡಿಗರು ಆ ಮುಖವನ್ನು ಎದೆಯಲ್ಲಿಟ್ಟುಕೊಂಡಿದ್ದರು. ಮೂರೇ ವರ್ಷಗಳ ಮೇಲೆ ಅದೇ ಮುಖವು ಸುಳ್ಳನ್ನೇ ಉದ್ಯೋಗವಾಗಿ ಉಳ್ಳ ಮನುಷ್ಯನದಾಗಿ ಬಂದಿತು. ಬೇರೆ ನಟನಾಗಿದ್ದರೆ ಪ್ರೇಕ್ಷಕನು ಅವನ ಕಪಟವನ್ನು ನೋಡುತ್ತಿದ್ದನು. ಇಲ್ಲಿ ಕಪಟದ ಹಿಂದಿನ ಹರಿಶ್ಚಂದ್ರನನ್ನು ನೋಡಿದನು. ಮೂವರು ಚಾರರ ಮಾತು ಒಂದಾದಲ್ಲಿ ಮಾತ್ರ ನಂಬಬೇಕೆಂದು ಕೌಟಿಲ್ಯನು ರಾಜನಿಗೆ ವಿಧಿಸಿರುವನು. ನಮ್ಮ ಪ್ರೇಕ್ಷಕರಾಜನಾದರೋ ಒಬ್ಬನನ್ನೇ ನಂಬಿದನು. ಆ ಒಬ್ಬನಿಗೆ ಹದಿನಾಲ್ಕು ವರ್ಷಗಳ ಪಾತ್ರಗಳೆಲ್ಲವೂ ಸಾಕ್ಷಿಯಾಗಿ ನಿಂತಿದ್ದವು.

ನಿರ್ದೇಶಕರೂ ಇದನ್ನು ಅರಿತೇ ಇದ್ದರೆಂದು ನನಗೆ ತೋರುವುದು. ಇಬ್ಬರಲ್ಲಿ ಒಬ್ಬರಾದ ಎಸ್. ಕೆ. ಭಗವಾನ್ ಅವರು ಎರಡು ವರ್ಷಗಳ ಹಿಂದೆ, ೧೯೬೬ರಲ್ಲಿ, ಎ. ಸಿ. ನರಸಿಂಹಮೂರ್ತಿಯವರೊಡನೆ ಕೂಡಿ ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಕಾದಂಬರಿಯನ್ನು ಚಿತ್ರಕ್ಕೆ ಇಳಿಸಿದ್ದರು. ಅದರಲ್ಲಿಯೂ ನಾಯಕರು ರಾಜಕುಮಾರರೇ. ನಮ್ಮ ಗದುಗಿನ ಭೀಮಸೇನ ಜೋಶಿಯವರು ಅದರಲ್ಲಿ ಹಾಡಿದ್ದುದರಿಂದ ನಮ್ಮ ಕಡೆಯ ಸಂಗೀತಪ್ರಿಯರಿಗೆ ಅದು ಇಂದಿಗೂ ಅಚ್ಚುಮೆಚ್ಚು. ಮುಂದೆ ಈ ಜೋಡಿಯು ವಾಣಿಯವರ ‘ಎರಡು ಕನಸು’, ಭಾರತೀಸುತರ ‘ಗಿರಿಕನ್ಯೆ’ ಮೊದಲಾದ ಕಾದಂಬರಿಗಳ ಕಡೆಗೆ ಹೊರಳಿತು. ಯಂತ್ರ ಬಂದೂಕುಗಳಲ್ಲಿಯೇ ಇವರ ಮನಸ್ಸು ನೆಟ್ಟಿದ್ದರೆ ಹೀಗೆ ಹೊರಳುತ್ತಿರಲಿಲ್ಲ. ನಂಬಿಗೆಗೆ ಪಾತ್ರನಾದ ಮನುಷ್ಯನೊಬ್ಬನ ಮುಖವೇ ಇವರ ಮೂಲಧನವು. ಸಾಹಸದ ಕಥೆಯಲ್ಲಿಯೂ ಸಂಸಾರದ ಕಥೆಯಲ್ಲಿಯೂ ಅವರು ಅದನ್ನೇ ತೊಡಗಿಸಿದರು.

ಇಲ್ಲಿಯ ವರೆಗೆ ಗುಣವನ್ನು ಹೇಳಿದೆನು. ಕೊರತೆಯನ್ನು ಹೇಳದಿದ್ದರೆ ಈ ಬರಹವು ಸ್ತುತಿಪಾಠವಾದೀತು. ಅದನ್ನು ಕಂಡವನು ನಾನಲ್ಲ, ನನ್ನ ಗುರುಗಳು.

ದಾರಿ ತಪ್ಪಿದ ಆ ದಿನದ ಮರುವಾರವೇ ನಮಗೆ ಮುದ್ರಾರಾಕ್ಷಸದ ಪಾಠವು ಆರಂಭವಾಯಿತು. ಯಮಪಟದ ನಿಪುಣಕನು ಬರುತ್ತಲೇ ನನಗೆ ಸಿ.ಐ.ಡಿ. ೯೯೯ ನೆನಪಾಗಿ ನಗು ತಡೆಯಲಾಗಲಿಲ್ಲ. “ಯಾಕ ನಗತೀಯೋ ತಮ್ಮಾ?” ಎಂದು ಗುರುಗಳು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ; ಎಲ್ಲವನ್ನೂ ಒಪ್ಪಿಕೊಂಡೆನು. ಪೆಟ್ಟು ಬೀಳುವುದೆಂದು ಕೈಯನ್ನೂ ಚಾಚಿದೆನು. ಅವರು ಹೊಡೆಯಲಿಲ್ಲ. “ಕತೀ ಹೇಳು” ಎಂದರು. ಹೇಳಿದೆನು. ಕೊನೆಗೆ ಕೇಳಿದರು: “ಕಡೀಕ ವೈರಿ ಏನಾದಾ?”

“ಸೋತಾರೀ, ಆಚಾರ್ರ.”

“ಸೋತಾ, ಅಷ್ಟೇನು? ಹಂಗಾರ ಅರ್ಧಾ ಕತೀ ಆತು. ಇನ್ನರ್ಧಾ ಇಲ್ಲೈತಿ, ಓದು” ಎಂದು ಪುಸ್ತಕದ ಕಡೆಗೆ ಕೈಮಾಡಿದರು.

ಆ ಇನ್ನರ್ಧವು ಏಳನೆಯ ಅಂಕದ ವರೆಗೆ ಓದಿದ ಮೇಲೆ ನನಗೆ ತಿಳಿಯಿತು. ಚಾಣಕ್ಯನ ಸಕಲ ತಂತ್ರಗಳ ಗುರಿಯು ರಾಕ್ಷಸನನ್ನು ಕೊಲ್ಲುವುದಲ್ಲ, ಗೆದ್ದುಕೊಳ್ಳುವುದು. ಏಕೆಂದರೆ ಅಳಿದುಹೋದ ನಂದರ ಮೇಲಿನ ಭಕ್ತಿಯನ್ನು ಬಿಡದ ಆ ಶತ್ರುವು ಚಾಣಕ್ಯನ ಕಣ್ಣಿನಲ್ಲಿಯೂ ಮಹಾಪುರುಷನು. ಕೊನೆಗೆ ರಾಕ್ಷಸನು ಸೋಲುವುದು ಖಡ್ಗಕ್ಕಲ್ಲ. ತನ್ನ ಸಂಸಾರವನ್ನು ಮನೆಯಲ್ಲಿಟ್ಟು ಕಾಪಾಡಿದ ಗೆಳೆಯ ಚಂದನದಾಸನು ಶೂಲಕ್ಕೆ ಹೋಗುತ್ತಿರುವುದನ್ನು ತಾಳಲಾರದೆ, ತಾನಾಗಿ ಬಂದು ಒಪ್ಪಿಸಿಕೊಳ್ಳುವನು. ಅವನ ಸ್ನೇಹವೇ ಅವನನ್ನು ಕಟ್ಟಿಹಾಕುವುದು. ಚಾಣಕ್ಯನು ಅವನಿಗೆ ಚಂದ್ರಗುಪ್ತನ ಮಂತ್ರಿಪದವನ್ನು ಕೊಟ್ಟು ತಾನು ಹಿಂದೆ ಸರಿಯುವನು. ಸ್ತ್ರೀಯರ ಶೃಂಗಾರವಿಲ್ಲದೆ, ರಂಗದ ಮೇಲೆ ಯುದ್ಧವಿಲ್ಲದೆ, ಏಳು ಅಂಕಗಳ ವರೆಗೆ ನಮ್ಮನ್ನು ಹಿಡಿದಿಡುವ ಆ ನಾಟಕದ ಬಲವು ಇದು: ಅಲ್ಲಿ ಗೂಢಪುರುಷನ ಸತ್ಯದಂತೆ ವೈರಿಯ ಸತ್ಯವೂ ನಮಗೆ ಕಾಣುವುದು.

‘ಜೇಡರ ಬಲೆ’ಯಲ್ಲಿಯೂ ಅದರ ಹಿಂದೆ ಬಂದ ಚಿತ್ರಗಳಲ್ಲಿಯೂ ವೈರಿಯು ಬರಿಯ ದುಷ್ಟನು. ಅವನಿಗೆ ದುರಾಶೆಯುಂಟು, ಭಕ್ತಿಯಿಲ್ಲ, ಸಂಗಡಿಗರುಂಟು, ಚಂದನದಾಸನಿಲ್ಲ. ಕಾರಣ ಅವನು ಸೋತರೆ ನಮಗೆ ಸಂತೋಷವಾಗುವುದೇ ಹೊರತು ಅವನ ಬಗ್ಗೆ ಏನೂ ತಿಳಿದಂತಾಗುವುದಿಲ್ಲ. ಭಾರವಿಯ ಬೇಡನು ವೈರಿಯ ಒಳ್ಳೆಯದನ್ನೂ ಒಡೆಯನಿಗೆ ಅರುಹಿದನು; ನಮ್ಮ ಪ್ರಕಾಶನು ಅದನ್ನು ಅರುಹಲಿಲ್ಲ. ಅಷ್ಟರ ಮಟ್ಟಿಗೆ ಅವನು ತನ್ನ ಧರ್ಮದಲ್ಲಿ ಅರೆಕೊರೆಯಾದನು, ಮತ್ತು ಪ್ರೇಕ್ಷಕನು ಅರ್ಧಸಿಂಹಾಸನದ ರಾಜನಾದನು. ಇದು ನಟನ ದೋಷವಲ್ಲ. ಕಥೆ ಕಟ್ಟಿದವರ ಅವಸರದ ದೋಷವು.

ಈ ವಿಚಾರವು ಹಳೆಯ ಚಿತ್ರವೊಂದರ ಮಟ್ಟಿಗೆ ನಿಲ್ಲುವಂಥದಲ್ಲ. ಇತ್ತೀಚೆಗೆ ಬರುತ್ತಿರುವ ಬೇಹಿನ ಕಥೆಗಳಲ್ಲಿ ನಾಯಕನು ಯಾರ ಕಡೆಯವನೆಂಬುದನ್ನು ಪ್ರೇಕ್ಷಕನಿಂದಲೂ ಮುಚ್ಚಿಟ್ಟು, ಕಟ್ಟಕಡೆಗೆ ತಟ್ಟನೆ ತೋರಿಸುವ ರೀತಿಯು ಬಹಳವಾಗಿರುವುದು. ಚಮತ್ಕಾರವು ಹೆಚ್ಚಿತು, ಆದರೆ ನಮ್ಮನ್ನು ಒಡೆಯನ ಆಸನದಿಂದ ಎಬ್ಬಿಸಿ ಮೋಸಹೋಗುವವರ ಸಾಲಿಗೆ ತಳ್ಳಿದಂತಾಯಿತು. ಹೊರಗಿನ ಬಾಳೂ ಹಾಗೆಯೇ ಆಗಿರುವುದು. ನಾವು ಏನು ಕೊಂಡೆವು, ಎಲ್ಲಿಗೆ ಹೋದೆವು ಎಂಬುದನ್ನು ನಮ್ಮ ಅಂಗಿಯ ಕಿಸೆಯಲ್ಲಿಯ ದೂರವಾಣಿಯೇ ಯಾರಿಗೋ ಅರುಹುತ್ತಿರುವ ಕಾಲವಿದು. ಚಾರನು ಮನೆಯೊಳಗೇ ಇರುವನು. ಅವನ ಒಡೆಯರು ನಾವಲ್ಲ. ಇಂಥ ಕಾಲದಲ್ಲಿ, ಕಪ್ಪು-ಬಿಳುಪಿನ ಆ ಹಳೆಯ ಗೂಢಪುರುಷನು ನಮಗೆ ಸುಳ್ಳಾಡಲಿಲ್ಲವೆಂಬ ನೆನಪಿಗೆ ಜನರು ಮರಳಿದರೆ ಅದನ್ನು ಬರಿಯ ಬಾಲ್ಯದ ಹಂಬಲವೆಂದು ಹಳಿಯುವುದು ಸಲ್ಲದು.

ಗೋಷ್ಠಿಯಲ್ಲಿ ಮಾತನಾಡಿದ ಆ ತರುಣ ಸದಸ್ಯರು ಕಥೆಗಳನ್ನು ಬರೆಯುವರೆಂದು ಕೇಳಿರುವೆನು. ಅವರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಗೂಢಪುರುಷನ ಕಥೆಯನ್ನು ಹಗುರೆಂದು ಬಿಡಬೇಡಿರಿ, ಬರೆಯಿರಿ. ನಿಮ್ಮ ನಾಯಕನು ನಮಗೆ ಸುಳ್ಳಾಡದಿರಲಿ. ಮತ್ತು ಅವನ ವೈರಿಗೂ ಒಬ್ಬ ಚಂದನದಾಸನಿರಲಿ. ಗುರುಗಳು ಹೇಳಿದ ಇನ್ನರ್ಧ ಕಥೆಯು ಕನ್ನಡದಲ್ಲಿ ಆಗ ಪೂರ್ತಿಯಾದೀತು.